ಹೊಳೆಕಟ್ಟೆಯವನು ಒರೆಸದ ಸಾಲು

“ಗುರುಗಳೇ, ಕೊನೆಯ ಊರನ್ನು ಕಾಣದವನು ಇನ್ನೊಬ್ಬರಿಗೆ ದಾರಿ ಹೇಳಬಹುದೇ?”

ಶಿಷ್ಯ ಹೀಗೆ ಕೇಳಿದಾಗ ಗುರುಗಳು ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ಮಠದ ಮಧ್ಯಾಹ್ನದ ಅನ್ನಕ್ಕೆ ಅಕ್ಕಿ ಆರಿಸುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಈಚೆಗೆ ಕಣ್ಣು ಮಂಜಾಗಿ ಊಟದಲ್ಲಿ ಕಲ್ಲು ಸಿಗುವುದು ಹೆಚ್ಚಾಗಿತ್ತು. ಯಾರೂ ಅದನ್ನು ಅವರಿಗೆ ಹೇಳಿರಲಿಲ್ಲ.

ಈ ಪ್ರಶ್ನೆ ಎಲ್ಲಿಂದ ಬಂತು ಎಂದು ಅವರು ಕೇಳಿದರು. ಹೊರಜಗಲಿಯ ಮೇಲೆ ಜಲಜಾಕ್ಷಿ ಎಂಬ ಹೆಂಗಸು ಕೂತಿದ್ದಾಳೆ ಎಂದು ಶಿಷ್ಯ ಹೇಳಿದ. ಗುರುಗಳ ಕೈ ಒಂದು ಗಳಿಗೆ ಮೊರದ ಮೇಲೆ ನಿಂತಿತು. ಆಮೇಲೆ ಮತ್ತೆ ಅಕ್ಕಿಯಲ್ಲಿ ಆಡತೊಡಗಿತು.

ಜಲಜಾಕ್ಷಿಯ ಗಂಡ ಎರಡು ವರ್ಷದ ಹಿಂದೆ ಸಮುದ್ರಕ್ಕೆ ಮೀನಿಗೆ ಹೋದವನು ಮರಳಿರಲಿಲ್ಲ. ದೋಣಿಯೂ ಸಿಗಲಿಲ್ಲ, ದೇಹವೂ ಸಿಗಲಿಲ್ಲ. ಬರುವ ಅಮಾವಾಸ್ಯೆಗೆ ಅವನ ಕ್ರಿಯೆ ಮಾಡಿ ಮುಗಿಸುತ್ತೇವೆ, ನೀನು ಬಳೆ ತೆಗೆ ಎಂದು ಅತ್ತೆಯ ಮನೆಯವರು ಹೇಳುತ್ತಿದ್ದರು. ಆಕೆಯ ಮನಸ್ಸು ಒಪ್ಪುತ್ತಿರಲಿಲ್ಲ. ನನ್ನ ಯಜಮಾನರು ಇದ್ದಾರೋ ಇಲ್ಲವೋ, ಒಂದು ಮಾತು ಹೇಳಿಬಿಡಿ, ಯಾವುದಾದರೂ ಸರಿ, ನಾನು ಹಾಗೆಯೇ ನಡೆದುಕೊಳ್ಳುತ್ತೇನೆ ಎಂದು ಕೂತಿದ್ದಳು. ಅದೂ ಗುರುಗಳನ್ನಲ್ಲ, ನಿಮ್ಮನ್ನೇ ಕೇಳಬೇಕೆಂದು ಬಂದಿದ್ದೇನೆ ಎಂದು ಶಿಷ್ಯನಿಗೆ ಹೇಳಿದ್ದಳು. ಹಿಂದಿನ ದಿನವೆಲ್ಲ ಶಿಷ್ಯ ಪೇಟೆಗೆ ಹೋಗಿದ್ದ. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಈಕೆ ಎದುರಿಗಿದ್ದಳು. ತನ್ನ ಹೆಸರು ಕಡಲದಂಡೆಯವರೆಗೆ ಹೇಗೆ ಹೋಯಿತೆಂದು ಅವನಿಗೆ ಆಶ್ಚರ್ಯವಾಗಿತ್ತು. ಸ್ವಲ್ಪ ಸಂತೋಷವೂ ಆಗಿತ್ತು, ಸುಳ್ಳೇಕೆ.

ನೀನು ಏನು ಹೇಳಿದೆ ಎಂದು ಗುರುಗಳು ಕೇಳಿದರು. ಏನೂ ಹೇಳಲಿಲ್ಲ, ಸ್ವಲ್ಪ ಕೂತಿರಿ ಎಂದು ಒಳಗೆ ಬಂದೆ ಎಂದ. ಕಾಯಿರಿ ಎಂದರೆ ಅವಳ ಆಯುಸ್ಸೆಲ್ಲ ಕಡಲು ನೋಡುವುದರಲ್ಲಿ ಹೋಗಬಹುದು. ಬಳೆ ತೆಗೆಯಿರಿ ಎಂದರೆ ಮರುದಿನವೇ ಗಂಡ ಬಂದು ನಿಲ್ಲಬಹುದು. ಗೊತ್ತಿಲ್ಲ ಎಂದರೆ, ಗೊತ್ತಿಲ್ಲದವರು ಮಠ ಕಟ್ಟಿಕೊಂಡು ಯಾಕೆ ಕೂತಿದ್ದೀರಿ ಎಂದು ಅವಳು ಕೇಳಬಹುದು.

ಗುರುಗಳು ಮೊರವನ್ನು ಒಮ್ಮೆ ಕೇರಿದರು. ಶಿಷ್ಯ ಮಠಕ್ಕೆ ಬರುವ ಮುಂಚೆ ಪೇಟೆಯ ಕಚೇರಿಗಳಲ್ಲಿ ಇಂಟರ್‌ನೆಟ್ಟಿನ ತಂತಿ ಎಳೆದು ಪೆಟ್ಟಿಗೆ ಕೂರಿಸುವ ಕೆಲಸ ಮಾಡುತ್ತಿದ್ದ. ಮಠದ ಶಾಲೆಗೂ ಅಂಥದೊಂದು ರೂಟರ್ ತಂದು ಹಾಕಿದ್ದ.

“ಹಸಿರು ದೀಪ ಮಿಟುಕಿಸುತ್ತದಲ್ಲ, ನಿನ್ನ ಆ ಪೆಟ್ಟಿಗೆ, ಅದಕ್ಕೆ ಕೊನೆಯ ಊರು ಗೊತ್ತೇ?”

“ಇಲ್ಲ ಗುರುಗಳೇ. ಅದಕ್ಕೆ ಗೊತ್ತಿರುವುದು ಮುಂದಿನ ಪೆಟ್ಟಿಗೆ ಮಾತ್ರ.”

ಹಾಗಾದರೆ ಇಲ್ಲಿಂದ ಕಳಿಸಿದ ಓಲೆ ಲೋಕದ ಆಚೆ ತುದಿಗೆ ಹೇಗೆ ಮುಟ್ಟುತ್ತದೆ ಎಂದು ನಾನು ಕೇಳಿದ್ದೆ, ನೀನು ಒಂದು ಮಧ್ಯಾಹ್ನವೆಲ್ಲ ವಿವರಿಸಿದ್ದೆ, ನಾನು ಅರ್ಧಕ್ಕೆ ತೂಕಡಿಸಿದ್ದೆ ಎಂದು ಗುರುಗಳು ನೆನಪಿಸಿದರು. ಉಳಿದರ್ಧ ನನ್ನ ತಲೆಯಲ್ಲಿ ಈ ಕತೆಯಾಗಿ ಕೂತಿದೆ, ಕೇಳು ಎಂದರು.

ಒಬ್ಬ ಅರಸನಿದ್ದ. ಅವನ ನಾಡು ದೊಡ್ಡದು. ಒಂದು ಊರಿನವರು ಇನ್ನೊಂದು ಊರಿಗೆ ಏನು ಕಳಿಸಿದರೂ ಅರ್ಧ ದಾರಿಯಲ್ಲಿ ಕಳೆದುಹೋಗುತ್ತಿತ್ತು. ಎಲ್ಲ ದಾರಿಗಳನ್ನೂ ಬಲ್ಲ ಒಬ್ಬನನ್ನು ಹುಡುಕಿಕೊಂಡು ಬನ್ನಿ ಎಂದು ಅರಸ ಹೇಳಿದ. ಅಂಥವನು ಸಿಗಲಿಲ್ಲ. ಸಿಕ್ಕವರೆಲ್ಲ ತಾವೇ ಅಂಥವರು ಎಂದರು, ಅದು ಬೇರೆ ಮಾತು.

ಕೊನೆಗೆ ಅರಸ ಬೇರೆ ಉಪಾಯ ಮಾಡಿದ. ದಾರಿಗಳು ಕೂಡುವ ಕಡೆಯಲ್ಲೆಲ್ಲ ಒಂದೊಂದು ಕಟ್ಟೆ ಕಟ್ಟಿಸಿದ. ಕಟ್ಟೆಗೆ ಒಬ್ಬ ಕಾವಲಿನವನನ್ನು ಕೂರಿಸಿದ. ನಾಡೆಲ್ಲ ನಿನಗೆ ಗೊತ್ತಿರಬೇಕಾಗಿಲ್ಲ, ನಿನ್ನ ಅಕ್ಕಪಕ್ಕದ ಕಟ್ಟೆಗಳು ಗೊತ್ತಿದ್ದರೆ ಸಾಕು ಎಂದ. ಕಟ್ಟೆಯಿಂದ ಕಟ್ಟೆಗೆ ಪೊಟ್ಟಣ ಹೊರಲು ಓಲೆಕಾರರನ್ನು ಇಟ್ಟ.

ಪ್ರತಿ ಕಟ್ಟೆಯವನಿಗೂ ಒಂದು ಕಡತ ಕೊಟ್ಟ. ಹುಣಸೆಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಬಳಿದ ಕಪ್ಪು ಬಟ್ಟೆ ಅದು. ಅದರ ಮೇಲೆ ಬಳಪದಿಂದ ಬರೆಯುತ್ತಾರೆ. ತಾಮ್ರದ ಹಲಗೆ ಕೊಡಿ, ಶಾಶ್ವತವಾಗಿರುತ್ತದೆ ಎಂದು ಕೆಲವರು ಕೇಳಿದರು. ಬೇಡ, ಇದನ್ನು ಒರೆಸಬಹುದು, ಅದಕ್ಕೇ ಇದನ್ನು ಕೊಟ್ಟಿದ್ದೇನೆ ಎಂದ ಅರಸ.

ಕೆಲಸ ಸುಲಭವಾಗಿತ್ತು. ಪೊಟ್ಟಣ ಬಂದರೆ ಅದರ ಮೇಲಿನ ಊರಿನ ಹೆಸರು ಓದಬೇಕು. ಒಳಗೇನಿದೆ ಎಂದು ನೋಡಬಾರದು. ಕಡತದಲ್ಲಿ ಆ ಊರಿನ ಹೆಸರೇ ಇದ್ದರೆ ಅದರ ಮುಂದೆ ಬರೆದ ಕಟ್ಟೆಗೆ ಕಳಿಸಬೇಕು. ಊರು ಇಲ್ಲ, ಆ ಸೀಮೆಯ ಹೆಸರು ಮಾತ್ರ ಇದೆ ಎಂದರೆ ಸೀಮೆಯ ದಾರಿ ಹಿಡಿಸಬೇಕು. ಅದೂ ಇಲ್ಲದಿದ್ದರೆ ಕಡತದ ಕೊನೆಯಲ್ಲಿ ಒಂದು ಸಾಲು ಇರುತ್ತಿತ್ತು: ಗೊತ್ತಿಲ್ಲದ್ದೆಲ್ಲ ದೊಡ್ಡಕಟ್ಟೆಗೆ. ಅಲ್ಲಿಯವನಿಗಾದರೂ ಗೊತ್ತಿರಬಹುದು ಎಂಬ ಭರವಸೆ.

ಕಡತ ತುಂಬುವುದು ಹೇಗೆ ಎಂದರೆ, ಮೂರು ದಿನಕ್ಕೊಮ್ಮೆ ನೆರೆಯ ಕಟ್ಟೆಗಳು ಒಂದಕ್ಕೊಂದು ಪಟ್ಟಿ ಕಳಿಸುತ್ತಿದ್ದವು. ಇಂಥ ಊರು ನನ್ನಿಂದ ಇಷ್ಟು ದಾಪು ಎಂದು ಅದರಲ್ಲಿ ಬರೆದಿರುತ್ತಿತ್ತು. ಒಂದು ಕಟ್ಟೆಯಿಂದ ಮುಂದಿನದಕ್ಕೆ ಒಂದು ದಾಪು. ನೆರೆಯವನು ನನ್ನಿಂದ ಎರಡು ದಾಪು ಎಂದರೆ, ಹಾಗಾದರೆ ನನಗೆ ಅವನ ಮೂಲಕ ಮೂರು ಎಂದು ಇವನು ಬರೆದುಕೊಳ್ಳುತ್ತಿದ್ದ. ಇಬ್ಬರು ನೆರೆಯವರು ಎರಡು ದಾರಿ ಹೇಳಿದರೆ ಹತ್ತಿರದ್ದನ್ನು ಇಟ್ಟುಕೊಳ್ಳುತ್ತಿದ್ದ.

ಇನ್ನೊಂದು ಕಟ್ಟಳೆ ಇತ್ತು. ಕಳಿಸುವವರು ಪೊಟ್ಟಣಕ್ಕೆ ಗಂಟು ಹಾಕಿದ ಹುರಿ ಕಟ್ಟಬೇಕು. ಪ್ರತಿ ಕಟ್ಟೆಯವನೂ ಒಂದು ಗಂಟು ಬಿಚ್ಚಬೇಕು. ಗಂಟು ಮುಗಿದ ಪೊಟ್ಟಣವನ್ನು ಮುಂದೆ ಸಾಗಿಸಬಾರದು. ಗಂಟು ನನ್ನಲ್ಲಿ ಮುಗಿಯಿತು ಎಂದು ಕಳಿಸಿದವರಿಗೆ ಹೇಳಿಕಳಿಸಬೇಕು. ದಾರಿ ತಪ್ಪಿದ ಪೊಟ್ಟಣವೊಂದು ಸಾಯುವವರೆಗೂ ನಾಡು ಸುತ್ತುತ್ತ ಓಲೆಕಾರರ ಕಾಲು ಸವೆಸಬಾರದು ನೋಡು, ಅದಕ್ಕೆ.

ಹೊಳೆಯ ದಂಡೆಯಲ್ಲಿ ಹೊಳೆಕಟ್ಟೆ. ಹೊಳೆಯಾಚೆ ಹಿರೇಕಣಿ ಎಂಬ ಊರು. ನಡುವೆ ಒಂದು ಹರಿಗೋಲು. ಹೊಳೆಕಟ್ಟೆ ಇದ್ದದ್ದೇ ಹಿರೇಕಣಿಗಾಗಿ. ಕಾವಲಿನವನ ಕಡತದ ಮೊದಲ ಸಾಲು ‘ಹಿರೇಕಣಿ, ಒಂದು ದಾಪು’ ಎಂದಿತ್ತು. ಅದನ್ನು ಅವನ ಅಪ್ಪ ಬರೆದಿದ್ದ. ಮಗ ಪ್ರತಿ ಯುಗಾದಿಗೆ ಅದೇ ಅಕ್ಷರದ ಮೇಲೆ ಬಳಪ ಆಡಿಸಿ ಗಟ್ಟಿ ಮಾಡುತ್ತಿದ್ದ. ಹೊಳೆಯ ಈಚೆ ಕಡೆ ಅರ್ಧ ದಿನದ ನಡಿಗೆಯಲ್ಲಿ ಗೋಣಿಮರದ ಕೆಳಗೆ ಗೋಣಿಕಟ್ಟೆ. ಅಲ್ಲಿಯ ಕಾವಲಿನವನ ಕಡತದಲ್ಲಿ ‘ಹಿರೇಕಣಿ, ಹೊಳೆಕಟ್ಟೆಯ ಮೂಲಕ, ಎರಡು ದಾಪು’ ಎಂದಿತ್ತು. ಇಬ್ಬರೂ ಒಳ್ಳೆಯವರು. ಒಬ್ಬನ ಮನೆಯಲ್ಲಿ ಹಬ್ಬವಾದರೆ ಇನ್ನೊಬ್ಬನ ಮನೆಗೆ ಹೋಳಿಗೆ ಹೋಗುತ್ತಿತ್ತು.

ಒಂದು ದಿನ ಹೊಳೆ ಬಂತು. ಹರಿಗೋಲು ಕೊಚ್ಚಿಹೋಯಿತು. ಹೊಳೆಕಟ್ಟೆಯವನು ದಂಡೆಯಲ್ಲಿ ನಿಂತು ನೋಡಿದ. ಕಡತ ತೆಗೆದು ಆ ಮೊದಲ ಸಾಲನ್ನು ಒರೆಸಬೇಕಾಗಿತ್ತು. ಕೈ ಏಳಲಿಲ್ಲ. ಹಿರೇಕಣಿಗೆ ದಾರಿ ಇಲ್ಲ ಎಂದಮೇಲೆ ಹೊಳೆಕಟ್ಟೆ ಯಾಕೆ, ನಾನು ಯಾಕೆ ಎಂದು ಅವನಿಗೆ ಅನ್ನಿಸಿತು. ಅವನನ್ನು ಬೈಯಬೇಡ. ಒಂದೇ ಸಾಲಿನ ಮೇಲೆ ಬದುಕು ನಿಲ್ಲಿಸಿಕೊಂಡವರಿಗೆ ಆ ಸಾಲು ಒರೆಸುವುದು ಎಷ್ಟು ಕಷ್ಟ ಎಂದು ಹೊರಗೆ ಕೂತ ತಾಯಿಗೆ ಗೊತ್ತು.

ಅದೇ ದಿನ ಮಧ್ಯಾಹ್ನ ಗೋಣಿಕಟ್ಟೆಯಿಂದ ಎಂದಿನ ಪಟ್ಟಿ ಬಂತು. ಅದರಲ್ಲಿ ಹಿರೇಕಣಿ, ಎರಡು ದಾಪು ಎಂದು ಬರೆದಿತ್ತು. ಹೊಳೆಕಟ್ಟೆಯವನಿಗೆ ಹೋದ ಜೀವ ಬಂದಂತಾಯಿತು. ಗೋಣಿಕಟ್ಟೆಯವನಿಗೆ ಬೇರೊಂದು ದಾರಿ ಗೊತ್ತಿದೆ ಎಂದುಕೊಂಡ. ಸಾಲು ಒರೆಸಲಿಲ್ಲ. ಒಂದು ಇದ್ದಲ್ಲಿ ಮೂರು ಎಂದು ತಿದ್ದಿ, ಗೋಣಿಕಟ್ಟೆಯ ಮೂಲಕ ಎಂದು ಸೇರಿಸಿದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತಲ್ಲ, ಹಾಗೆ.

ಮರುದಿನ ಬೆಳಿಗ್ಗೆ ಗೋಣಿಕಟ್ಟೆಗೆ ಒಂದು ಪೊಟ್ಟಣ ಬಂತು. ಎರಡು ದಿನದ ದಾರಿಯಾಚೆಯ ಒಬ್ಬ ವೈದ್ಯ ಕಳಿಸಿದ್ದು. ‘ಹಿರೇಕಣಿಯ ಕುಂಬಾರನ ಮನೆಗೆ, ಬಾಣಂತಿಗೆ ಔಷಧಿ, ಬೇಗ’ ಎಂದು ಮೇಲೆ ಬರೆದಿತ್ತು. ಕುಂಬಾರನ ಮಗಳು ಹೆತ್ತು ಒಂಬತ್ತು ದಿನವಾಗಿತ್ತು. ಜ್ವರ ಬಿಟ್ಟಿರಲಿಲ್ಲ. ಗೋಣಿಕಟ್ಟೆಯವನು ಗಂಟು ಬಿಚ್ಚಿದ. ಇನ್ನೂ ಏಳು ಗಂಟು ಉಳಿದಿತ್ತು. ಕಡತ ನೋಡಿ ಓಲೆಕಾರನನ್ನು ಹೊಳೆಕಟ್ಟೆಗೆ ಓಡಿಸಿದ.

ಹೊಳೆಕಟ್ಟೆಯವನು ಗಂಟು ಬಿಚ್ಚಿ ಕಡತ ನೋಡಿದ. ಗೋಣಿಕಟ್ಟೆಯ ಮೂಲಕ ಎಂದಿತ್ತು. ಅದೇ ಓಲೆಕಾರನ ಕೈಯಲ್ಲಿ ವಾಪಸು ಕಳಿಸಿದ. ತಾನು ಕಳಿಸಿದ ಪೊಟ್ಟಣ ತನಗೇ ಬಂದದ್ದು ಕಂಡು ಗೋಣಿಕಟ್ಟೆಯವನಿಗೆ ವಿಚಿತ್ರವೆನಿಸಿತು. ಆದರೆ ಕೇಳಲು ದಾಕ್ಷಿಣ್ಯ. ಹಿರೇಕಣಿಯ ದಾರಿ ಹೊಳೆಕಟ್ಟೆಯವನಿಗೆ ಗೊತ್ತಿಲ್ಲವೇ ಎಂದು ಕೇಳುವುದು, ಅವನ ಅಪ್ಪನನ್ನೇ ಅನುಮಾನಿಸಿದ ಹಾಗೆ. ಏನೋ ಕಾರಣವಿರಬೇಕು ಎಂದು ಗಂಟು ಬಿಚ್ಚಿ ಮತ್ತೆ ಕಳಿಸಿದ. ಹೊಳೆಕಟ್ಟೆಯವನಿಗೂ ಅದೇ ದಾಕ್ಷಿಣ್ಯ. ನಾನೇ ದಾರಿ ಕಳೆದುಕೊಂಡವನು, ದಾರಿ ಗೊತ್ತಿದ್ದವನನ್ನು ಏನೆಂದು ಪ್ರಶ್ನಿಸಲಿ ಎಂದು ಅವನೂ ಕಳಿಸಿದ. ಯಾರೂ ತಡಮಾಡಲಿಲ್ಲ. ಬೇಗ ಎಂದು ಬರೆದಿದ್ದರಿಂದ ಇಬ್ಬರೂ ಬೇಗ ಬೇಗ ಹಿಂದಕ್ಕೆ ಕಳಿಸಿದರು.

ನಡುವೆ ಪಟ್ಟಿಯ ದಿನ ಬಂತು. ಹಿರೇಕಣಿ ಮೂರು ದಾಪು ಎಂದು ಹೊಳೆಕಟ್ಟೆಯವನು ಬರೆದದ್ದನ್ನು ನೋಡಿ ಗೋಣಿಕಟ್ಟೆಯವನು ತನ್ನದನ್ನು ನಾಲ್ಕು ಎಂದು ತಿದ್ದಿದ. ಅದೇ ದಿನ ಅವನ ಪಟ್ಟಿಯಲ್ಲಿ ನಾಲ್ಕು ಎಂದದ್ದು ನೋಡಿ ಹೊಳೆಕಟ್ಟೆಯವನು ಐದು ಮಾಡಿದ. ಹಿರೇಕಣಿ ಇದ್ದಲ್ಲೇ ಇತ್ತು. ಕಡತದಲ್ಲಿ ಮಾತ್ರ ಪಟ್ಟಿಯಿಂದ ಪಟ್ಟಿಗೆ ದೂರ ಹೋಗುತ್ತಿತ್ತು. ಗುಡ್ಡದ ಮೇಲಿನ ಬಂಡೆಕಟ್ಟೆಯವನು, ನನ್ನಿಂದ ಹಿರೇಕಣಿಗೆ ಗುಡ್ಡ ಬಳಸಿ ಆರು ದಾಪು ಎಂದು ಪ್ರತಿ ಸಲವೂ ಗೋಣಿಕಟ್ಟೆಗೆ ತಿಳಿಸುತ್ತಿದ್ದ. ಹತ್ತಿರದ ದಾರಿ ಇರುವಾಗ ಆ ಸುತ್ತುದಾರಿ ಯಾರಿಗೆ ಬೇಕು ಎಂದು ಗೋಣಿಕಟ್ಟೆಯವನು ಅದನ್ನು ಬರೆದುಕೊಳ್ಳುತ್ತಲೇ ಇರಲಿಲ್ಲ.

ಹೊಳೆ ಬಂದ ದಿನದಿಂದ ಐದನೆಯ ದಿನ ಮಧ್ಯಾಹ್ನ ಪೊಟ್ಟಣ ಹೊಳೆಕಟ್ಟೆಗೆ ಬಂದಾಗ ಒಂದೇ ಗಂಟು ಉಳಿದಿತ್ತು. ಹೊಳೆಕಟ್ಟೆಯವನು ಅದನ್ನು ಬಿಚ್ಚಿದ. ಹುರಿ ಬರಿದಾಯಿತು. ಓಲೆಕಾರ ಮುದುಕ ಕಟ್ಟೆಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದ. ಅವನಿಗೆ ಓದು ಬರುತ್ತಿರಲಿಲ್ಲ, ದಾಪಿನ ಲೆಕ್ಕವೂ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಅವನ ಕಾಲು ಮಾತ್ರ.

“ಅಯ್ಯಾ, ಈ ಒಂದು ಪೊಟ್ಟಣವನ್ನು ಏಳು ಸಲ ಇದೇ ದಾರಿಯಲ್ಲಿ ಹೊತ್ತೆ. ಹಿರೇಕಣಿಯ ದಾರಿ ಗೋಣಿಕಟ್ಟೆಯವರಿಗೆ ಹೇಳಿಕೊಟ್ಟವರು ಯಾರು?”

ಹೊಳೆಕಟ್ಟೆಯವನು ಯೋಚಿಸಿದ. ಅವನ ಮುಖ ಕಪ್ಪಿಟ್ಟಿತು.

“ನಾನೇ.”

ಬೇರೊಬ್ಬನ ಅರಿವು ಎಂದು ಅವನು ನಂಬಿದ್ದು ಅವನದೇ ಹಳೆಯ ಮಾತು. ಹರಿಗೋಲು ಇದ್ದಾಗ ಆಡಿದ್ದು. ಅದು ನೆರೆಯವನ ಬಾಯಿಂದ ತಿರುಗಿ ಬಂದಾಗ ಹೊಸ ದಾರಿಯೆಂದು ಅಪ್ಪಿಕೊಂಡಿದ್ದ. ಅಂಗೈ ಒದ್ದೆ ಮಾಡಿಕೊಂಡು ಅಪ್ಪ ಬರೆದ ಸಾಲನ್ನು ಒರೆಸಿದ. ಅಳು ಬಂತು, ಅತ್ತ. ಗಂಟು ನನ್ನಲ್ಲಿ ಮುಗಿಯಿತು, ಬೇರೆ ಪೊಟ್ಟಣ ಕಳಿಸಿ ಎಂದು ವೈದ್ಯನಿಗೆ ಹೇಳಿಕಳಿಸಿದ. ಆಮೇಲೆ ಪಟ್ಟಿಯ ದಿನ ಬರಲೆಂದು ಕಾಯದೆ ತಾನೇ ಗೋಣಿಕಟ್ಟೆಗೆ ನಡೆದ. ಇದು ಓಲೆಕಾರನ ಬಾಯಲ್ಲಿ ಕಳಿಸುವ ಮಾತಲ್ಲ ಎಂದು ಅವನಿಗೆ ಗೊತ್ತಿತ್ತು. ಹಿರೇಕಣಿಗೆ ನನ್ನಲ್ಲಿ ದಾರಿ ಇಲ್ಲ, ಐದು ದಿನದಿಂದ ಇಲ್ಲ ಎಂದು ಗೋಣಿಕಟ್ಟೆಯವನ ಎದುರು ನಿಂತು ಹೇಳಿದ. ಗೋಣಿಕಟ್ಟೆಯವನು ಬೈಯಲಿಲ್ಲ. ನಾನಾದರೂ ಎರಡನೆಯ ಸಲವೇ ಕೇಳಬೇಕಿತ್ತು ಎಂದ. ಒಂದು ಚೊಂಬು ನೀರು ಕೊಟ್ಟ. ತಾನೂ ಸಾಲು ಒರೆಸಿದ.

ಒರೆಸಿದ ಮೇಲೆ ಬಂಡೆಕಟ್ಟೆಯ ಸುತ್ತುದಾರಿ ಅವರಿಗೆ ಕಂಡಿತು. ಅದು ಮೊದಲಿನಿಂದಲೂ ಅಲ್ಲೇ ಇತ್ತು. ವೈದ್ಯ ಈ ಸಲ ಇಪ್ಪತ್ತು ಗಂಟು ಹಾಕಿ ಕಳಿಸಿದ. ಔಷಧಿ ಗುಡ್ಡ ಬಳಸಿ ಹಿರೇಕಣಿಗೆ ಮುಟ್ಟಿತು. ತಡವಾಗಿ ಮುಟ್ಟಿತು. ಕುಂಬಾರನ ಮಗಳು ಬದುಕಿದಳು. ಆದರೆ ಜ್ವರಕ್ಕೆ ಎದೆಹಾಲು ಬತ್ತಿಹೋಗಿತ್ತು. ಕೂಸು ನೆರೆಮನೆಯವಳ ಹಾಲು ಕುಡಿದು ಬೆಳೆಯಿತು. ದಾಕ್ಷಿಣ್ಯದ ಆ ನಾಲ್ಕು ದಿನಕ್ಕೆ ಆ ತಾಯಿ ತೆತ್ತದ್ದು ಅಷ್ಟು.

ಸುದ್ದಿ ಅರಸನಿಗೆ ಹೋಯಿತು. ಹೊಳೆಕಟ್ಟೆಯವನನ್ನು ಕೆಲಸದಿಂದ ತೆಗೆಯಬೇಕು ಎಂದು ಹತ್ತಿರದವರು ಹೇಳಿದರು. ಅರಸ ತೆಗೆಯಲಿಲ್ಲ. ದಾರಿ ಇಲ್ಲ ಎಂದು ಬಾಯಿಬಿಟ್ಟು ಹೇಳಿದವನು ಈ ನಾಡಿನಲ್ಲಿ ಸದ್ಯಕ್ಕೆ ಅವನೊಬ್ಬನೇ, ಅವನನ್ನೂ ಕಳೆದುಕೊಳ್ಳಲೇ ಎಂದ. ಆಮೇಲೆ ಎಲ್ಲ ಕಟ್ಟೆಗಳಿಗೂ ಒಂದು ಮಾತು ಸಾರಿಸಿದ. ಯಾರಿಂದ ದಾರಿ ಕಲಿತಿರೋ ಅವರಿಗೇ ಆ ದಾರಿಯನ್ನು ತಿರುಗಿ ಹೇಳಬೇಡಿ. ದಾರಿ ಕೆಟ್ಟರೆ ಪಟ್ಟಿಯ ದಿನಕ್ಕೆ ಕಾಯಬೇಡಿ, ಅದೇ ದಿನ ಓಡಿ ಹೇಳಿ.

ಗುರುಗಳು ಕತೆ ನಿಲ್ಲಿಸಿ ಮತ್ತೆ ಮೊರಕ್ಕೆ ಕೈ ಹಾಕಿದರು. ನಮ್ಮ ಪೆಟ್ಟಿಗೆಗಳಿಗೂ ಮೊದಮೊದಲು ಇದೇ ರೋಗವಿತ್ತು, ಈ ಎರಡು ಕಟ್ಟಳೆಗಳನ್ನೇ ಹಾಕಿ ವಾಸಿ ಮಾಡಿದರು ಎಂದು ಶಿಷ್ಯ ಮೆಲ್ಲಗೆ ಹೇಳಿದ. ಹಾಗೋ, ನಾನು ತೂಕಡಿಸಿದ್ದು ಅರ್ಧಕ್ಕಿಂತ ಕಡಿಮೆ ಇರಬೇಕು ಎಂದರು ಗುರುಗಳು.

ಶಿಷ್ಯ ಬಗ್ಗಿ ಮೊರದ ಅಂಚಿನಲ್ಲಿ ಗುರುಗಳ ಬೆರಳು ದಾಟಿಹೋಗಿದ್ದ ಒಂದು ಕಲ್ಲನ್ನು ತೆಗೆದು ಅವರ ಅಂಗೈಯಲ್ಲಿಟ್ಟ. ಹೀಗೆ ಮಾಡಿದ್ದು ಅದೇ ಮೊದಲು. ಗುರುಗಳು ಕಲ್ಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಇಷ್ಟು ದಿನ ನೀವೆಲ್ಲ ಎಷ್ಟು ಕಲ್ಲು ತಿಂದಿರಿ ಎಂದು ಕೇಳಿದರು. ಶಿಷ್ಯ ನಕ್ಕ. ನಗುವಾಗ ಅವನ ಕಣ್ಣಲ್ಲಿ ನೀರಿತ್ತು.

ಆಮೇಲೆ ಅವನು ಎದ್ದು ನಿಂತ. ನನಗೆ ಗೊತ್ತಿಲ್ಲ ಎಂದೇ ಆಕೆಗೆ ಹೇಳುತ್ತೇನೆ, ಈಗ ಧೈರ್ಯ ಬಂದಿದೆ ಎಂದ. ಬಾಗಿಲವರೆಗೆ ಹೋದವನು ತಿರುಗಿದ. ಅಷ್ಟು ದೂರದಿಂದ ಬಂದವಳನ್ನು ಬರಿಗೈಯಲ್ಲಿ ಕಳಿಸಲು ಅವನಿಗೆ ಮನಸ್ಸಾಗಲಿಲ್ಲ.

“ಗುರುಗಳೇ, ಆಕೆಯನ್ನು ನಿಮ್ಮ ಹತ್ತಿರ ಕಳಿಸುತ್ತೇನೆ. ನನಗೆ ಗೊತ್ತಿಲ್ಲದಿದ್ದರೂ ನಿಮಗೆ ಗೊತ್ತಿರುತ್ತದೆ.”

ಗುರುಗಳು ಮೊರವನ್ನು ಪಕ್ಕಕ್ಕಿಟ್ಟರು. ಮೊಣಕಾಲಿಗೆ ಕೈ ಊರಿ ನಿಧಾನವಾಗಿ ಎದ್ದರು. ಶಿಷ್ಯನ ಹೆಗಲು ಹಿಡಿದುಕೊಂಡು ಹೊರಜಗಲಿಯ ಕಡೆಗೆ ಒಂದು ಹೆಜ್ಜೆ ಇಟ್ಟರು.

“ನಡಿ, ಗೊತ್ತಿಲ್ಲ ಎಂದು ಇಬ್ಬರೂ ಹೋಗಿ ಹೇಳೋಣ. ನಿನ್ನೆ ನನ್ನನ್ನು ಕೇಳಲು ಬಂದಾಗ ಆಕೆಯನ್ನು ನಿನ್ನ ಹತ್ತಿರ ಕಳಿಸಿದವನು ನಾನೇ.”